ಉಪವಾಸವಲ್ಲ, ಬರೇ ಹೊಟ್ಟಿ!

ಬಳ್ಳಾರಿಯಿಂದ ಕುರುಗೋಡಿಗೆ ಹೊರಡುವ ನಸುಕಿನ ಬಸ್ಸಿನಲ್ಲಿ ಮುಂದಿನ ಸೀಟು ರಹೀಮಾಬೀ ಅವರದು. ಹಾಗಂತ ಯಾರೂ ಬರೆದಿಟ್ಟಿಲ್ಲ, ಆದರೂ ಅಲ್ಲಿ ಬೇರೆಯವರು ಕೂರುವುದಿಲ್ಲ. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ತೊಡೆಯ ಮೇಲೆ ನೀಲಿ ಬಣ್ಣದ ಐಸ್ ಡಬ್ಬಿ ಇಟ್ಟುಕೊಂಡು, ಅದರ ಮುಚ್ಚಳದ ಮೇಲೆ ಎರಡೂ ಕೈ ಊರಿ ಕೂತಿದ್ದಾರೆ. ಬಸ್ಸು ಗುಂಡಿಗೆ ಇಳಿದಾಗ ತಾವು ಎಗರಿದರೂ ಸರಿ, ಡಬ್ಬಿ ಎಗರಬಾರದು. ನಮ್ಮ ಕಡೆಯ ರಸ್ತೆಗಳನ್ನು ಬಲ್ಲವರಿಗೆ ಇದು ಸಣ್ಣ ವಿದ್ಯೆಯಲ್ಲ ಎಂಬುದು ಗೊತ್ತು.

"ಏನ್ರಿ ಚಾಚಿ, ಇವತ್ತ ಯಾರ ರಕ್ತ ಹೀರಾಕ ಹೊಂಟೀರಿ?" ಎಂದು ಕಂಡಕ್ಟರ್ ದುರ್ಗೇಶ್ ಕೇಳುತ್ತಾರೆ.

"ನಿಂದಂತೂ ಅಲ್ಲಪ್ಪ. ನಿನಗ ಸೂಜಿ ಚುಚ್ಚಿದ್ರ ಬರೇ ಚಾ ಬರ್ತೈತಿ."

ಬಸ್ಸಿನಲ್ಲಿದ್ದ ಏಳೆಂಟು ಮಂದಿಯೂ ನಗುತ್ತಾರೆ. ರಹೀಮಾಬೀ ಕೂಡ ನಗುತ್ತಾರೆ, ಆದರೆ ಆ ನಗು ಊರ ಹೊರಗಿನ ಹತ್ತಿ ಹೊಲ ಕಾಣುವಷ್ಟರಲ್ಲಿ ಆರಿಹೋಗುತ್ತದೆ. ಇವತ್ತು ಅವರು ಹೊರಟಿರುವುದು ಬಾದನಹಟ್ಟಿಗೆ. ಅಲ್ಲಿ ಸೌಂದರ್ಯ ಎಂಬ ಹುಡುಗಿ ಇದ್ದಾಳೆ. ಶ್ರಾವಣದಿಂದ ಈಚೆಗೆ ಆಕೆ ಇವರೊಂದಿಗೆ ಒಂದು ಮಾತೂ ಆಡಿಲ್ಲ.

"ಇಷ್ಟು ವರ್ಷದಾಗ ಎಷ್ಟು ಮಂದಿ ಕೈ ಹಿಡಿದೀನೋ ಏನೋ. ಇವತ್ತ ಆಕಿ ಕೈ ಚಾಚದಿದ್ರ ಏನ್ ಮಾಡ್ಲಿ ಅಂತ ಯೋಚ್ನಿ ಆಗೈತಿ ನೋಡ್ರಿ," ಎಂದು ಪತ್ರಿಕೆಗೆ ಬರೆಯಲೆಂದು ಜೊತೆಗೆ ಹೊರಟ ನನಗೆ ಹೇಳುತ್ತಾರೆ.

ಗಾಂಧಿನಗರದಲ್ಲಿ ಹಲ್ಲು ಮತ್ತು ದವಡೆಗೆ ಚಿಕಿತ್ಸೆ ಕೊಡುವ ಒಂದು ಕೇಂದ್ರವಿದೆ. ರಹೀಮಾಬೀ ಅಲ್ಲಿ ರಕ್ತದ ಮಾದರಿ ಸಂಗ್ರಹಿಸುವ ಕೆಲಸದವರು. ರಕ್ತ ತೆಗೆಯುವವರಿಗೆ ಬಳ್ಳಾರಿಯಲ್ಲಿ ಬರವಿಲ್ಲ, ಗಲ್ಲಿಗೊಂದು ಲ್ಯಾಬಿದೆ. ಆದರೆ ಇವರು ಹುಡುಕಿಕೊಂಡು ಹೋಗುವ ಮಕ್ಕಳು ಬೇರೆ. ದವಡೆ ಒಂದೇ ಪಕ್ಕಕ್ಕೆ ಬೆಳೆಯುತ್ತ ಹೋಗಿ, ಗದ್ದ ಇನ್ನೊಂದು ಪಕ್ಕಕ್ಕೆ ಸರಿದು, ಮುಖ ವಾರೆಯಾದ ಮಕ್ಕಳು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೇರಿ ಅಂಥ ಮೂವತ್ತು ಮಂದಿಯನ್ನು ಡಾ. ಸಂಘಮಿತ್ರಾ ವರ್ಷಗಟ್ಟಲೆ ಗಮನಿಸುತ್ತಿದ್ದಾರೆ. ಆ ಮೂವತ್ತು ಮನೆಗಳ ಬಾಗಿಲನ್ನು ಕೋಳಿ ಕೂಗುವ ಹೊತ್ತಿಗೆ ತಟ್ಟುವವರು ರಹೀಮಾಬೀ.

ನಿಮ್ಮ ಕಿವಿಯ ಮುಂದೆ ಬೆರಳಿಟ್ಟು ಒಮ್ಮೆ ಬಾಯಿ ತೆರೆದು ಮುಚ್ಚಿ. ಒಳಗೊಂದು ಗುಂಡನೆಯ ಮೂಳೆ ಅಲುಗುತ್ತದಲ್ಲ, ಅದೇ ದವಡೆಯ ತುದಿ. ಎಲ್ಲರಿಗೂ ಪ್ರಾಯ ತುಂಬುವ ಹೊತ್ತಿಗೆ ಅದು ಎರಡೂ ಕಡೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಕೆಲವರಿಗೆ ಮಾತ್ರ ಒಂದು ಕಡೆಯದು ನಿಲ್ಲುವುದೇ ಇಲ್ಲ. ಏಕೆ ಎಂದರೆ ವೈದ್ಯರೂ ಪೂರ್ತಿ ಗೊತ್ತಿಲ್ಲ ಎನ್ನುತ್ತಾರೆ. ಆಪರೇಷನ್ ಮಾಡಿ ಸರಿಪಡಿಸಬಹುದು, ಆದರೆ ಬೆಳೆಯುವುದು ನಿಂತ ಮೇಲೆ ಮಾಡಿದರೆ ಚೆಂದ. ಬೆಳೆಯುತ್ತಿರುವಾಗಲೇ ಮುಖವನ್ನು ನೇರ ಮಾಡಿಬಿಟ್ಟರೆ ಅದು ಮತ್ತೆ ವಾರೆಯಾಗಬಹುದು. ಹಾಗಾದರೆ ನಿಂತಿದೆ ಎಂದು ತಿಳಿಯುವುದು ಹೇಗೆ?

"ಮನೆ ಕಟ್ಟೋ ಜಾಗದಲ್ಲಿ ಮರಳು, ಸಿಮೆಂಟಿನ ಪುಡಿ ಬಿದ್ದಿರುತ್ತೆ ನೋಡಿ, ಹಾಗೆ," ಎಂದು ಡಾ. ಸಂಘಮಿತ್ರಾ ವಿವರಿಸುತ್ತಾರೆ. "ಮೂಳೆಯ ಕೆಲಸ ನಡೆದಿದ್ದರೆ ಅದರ ಪುಡಿಯಂಥ ಗುರುತುಗಳು ರಕ್ತದಲ್ಲಿ ಸಿಗುತ್ತವೆ. ಯಾವ ಮೂಳೆಯದ್ದು ಅಂತ ಅವು ಹೇಳೋದಿಲ್ಲ. ಅದಕ್ಕೇ ಮುಖದ ಅಳತೆ, ಸ್ಕ್ಯಾನು ಎಲ್ಲ ಜೊತೆಗಿಟ್ಟು ನೋಡ್ತೀವಿ. ಇದಿನ್ನೂ ಅಧ್ಯಯನದ ಹಂತದಲ್ಲಿದೆ. ಬರೀ ರಕ್ತ ನಂಬಿಕೊಂಡು ನಾವು ಕತ್ತಿ ಎತ್ತೋದಿಲ್ಲ."

ಈ ಪುಡಿಯದೂ ಒಂದು ಚಾಳಿ ಇದೆ. ನಸುಕಿನಲ್ಲಿ ಹೆಚ್ಚು, ಹೊತ್ತೇರಿದಂತೆ ಕಡಿಮೆ. ಹೊಟ್ಟೆಗೆ ಏನಾದರೂ ಬಿದ್ದರಂತೂ ಇಳಿದೇಬಿಡುತ್ತದೆ. ಆದ್ದರಿಂದ ಮಗು ಏಳುತ್ತಿದ್ದಂತೆ, ಏನನ್ನೂ ತಿನ್ನುವ ಮೊದಲು ರಕ್ತ ತೆಗೆಯಬೇಕು, ತೆಗೆದದ್ದನ್ನು ತಣ್ಣಗಿಟ್ಟು ಬೇಗ ತಲುಪಿಸಬೇಕು. ರಹೀಮಾಬೀ ಅವರ ಬದುಕೆಲ್ಲ ಹೀಗೆ ಮೊದಲ ಬಸ್ಸಿನ ಬದುಕಾಗಿದೆ.

ಅವರು ಹುಟ್ಟಿದ್ದು ಸಿರುಗುಪ್ಪದಲ್ಲಿ. ಮದುವೆಯಾಗಿ ಬಳ್ಳಾರಿಗೆ ಬಂದರು. ಗಂಡ ಶಾಬುದ್ದೀನ್ ಜೀನ್ಸ್ ಹೊಲಿಯುತ್ತಿದ್ದರು. ಬೆನ್ನು ನೋವು ಹಿಡಿದು ಅವರು ಮಷಿನ್ ಮುಂದೆ ಕೂರಲಾಗದೆ ಹೋದಾಗ ರಹೀಮಾಬೀ ಒಂದು ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದರು. ತೊಳೆಯುತ್ತ ತೊಳೆಯುತ್ತ ಸೂಜಿ ಹಿಡಿಯುವುದನ್ನು ನೋಡಿದರು. ನೋಡಿ ಕಲಿತದ್ದಕ್ಕೆ ಬೆಲೆ ಇಲ್ಲ ಎಂದು ಯಾರೋ ಹೇಳಿದ್ದಕ್ಕೆ ರೋಷ ಬಂದು, ನಡುವಯಸ್ಸಿನಲ್ಲಿ ಡಿಪ್ಲೊಮಾ ತರಗತಿಗೆ ಸೇರಿಕೊಂಡರು. ಆಗ ಹೈಸ್ಕೂಲಿನಲ್ಲಿದ್ದ ಮಗಳು ಹುಮೇರಾ ಅಮ್ಮನಿಂದ ಇಂಗ್ಲಿಷ್ ಪದಗಳನ್ನು ಒಪ್ಪಿಸಿಕೊಳ್ಳುತ್ತಿದ್ದಳಂತೆ.

"ತಪ್ಪಿದ್ರ ನನ್ನ ಕಿವಿ ಹಿಂಡ್ತಿದ್ಲು ನೋಡ್ರಿ. ಸಣ್ಣಾಕಿ ಇದ್ದಾಗ ನಾ ಹಿಂಡಿದ್ದನ್ನ ಬಡ್ಡಿ ಸಮೇತ ತೀರಿಸ್ಕೊಂಡ್ಲು," ಎಂದು ನಗುತ್ತಾರೆ. ಈಗ ಹುಮೇರಾ ಗಂಡನ ಮನೆಯಲ್ಲಿದ್ದಾಳೆ. ಶಾಬುದ್ದೀನ್ ಬೆಳಿಗ್ಗೆ ಎದ್ದು ಹೆಂಡತಿಯ ಡಬ್ಬಿಗೆ ಐಸ್ ತುಂಬಿಕೊಡುತ್ತಾರೆ.

ಸೂಜಿ ಚುಚ್ಚುವುದು ಈ ಕೆಲಸದ ಸುಲಭದ ಭಾಗ. ಮನೆಯೊಳಗೆ ಕಾಲಿಡುವುದು ಕಷ್ಟದ್ದು. ಮಗುವಿನ ಮುಖ ವಾರೆಯಾದರೆ ನಮ್ಮಲ್ಲಿ ಮೊದಲು ಹುಡುಕುವುದು ತಪ್ಪಿತಸ್ಥರನ್ನು. ಒಂದೇ ಕಡೆ ಅಗಿದು ಹೀಗಾಯಿತು ಎನ್ನುತ್ತಾರೆ, ತಾಯಿ ಒಂದೇ ಮಗ್ಗುಲಿಗೆ ಮಲಗಿಸಿದ್ದಕ್ಕೆ ಹೀಗಾಯಿತು ಎನ್ನುತ್ತಾರೆ. ಬಾಯಿಗೆ ಬಂದದ್ದೇ ಮಾತು. ಕೇಳಿಸಿಕೊಂಡ ತಾಯಂದಿರು ಅದನ್ನೇ ನಿಜವೆಂದುಕೊಂಡು ಒಳಗೊಳಗೇ ಸವೆಯುತ್ತಾರೆ. ರಹೀಮಾಬೀ ಅಂಥವರ ಪಕ್ಕದಲ್ಲಿ ಕೂತು, ಅವರ ಮಾತು ಮುಗಿಯುವವರೆಗೂ ಏಳುವುದಿಲ್ಲ. ಅವರ ಕೆಲಸದ ವಿವರಣೆಯಲ್ಲಿ ಇದು ಎಲ್ಲಿಯೂ ಬರೆದಿಲ್ಲ.

ಸೌಂದರ್ಯಳ ಮನೆಯಲ್ಲಿ ತನ್ನನ್ನೇ ತಪ್ಪಿತಸ್ಥೆ ಎಂದುಕೊಂಡವರು ಅಜ್ಜಿ ಗುರುಬಸಮ್ಮ. ಮೊಮ್ಮಗಳು ಹಸುಗೂಸಾಗಿದ್ದಾಗ ಎಣ್ಣೆ ಹಚ್ಚಿ ನೀರು ಹಾಕಿದವರು ಅವರೇ. ನೀರು ಹಾಕುವಾಗ ಕೂಸಿನ ಮೂಗು ತಿದ್ದುವುದು, ಅಂಗೈಯಲ್ಲಿ ತಲೆ ಒತ್ತಿ ದುಂಡಗೆ ಮಾಡುವುದು ನಮ್ಮ ಮನೆಗಳ ಪದ್ಧತಿ. ದವಡೆಯನ್ನೂ ನೀವಿದ್ದರು.

"ಈ ಕೈಲೇ ತಿದ್ದೀನಿ ತಂಗಿ. ಒಂದ್ ಕಡಿ ಜಾಸ್ತಿ ಒತ್ತಿಬಿಟ್ನೇನೋ," ಎಂದು ಅವರು ರಹೀಮಾಬೀ ಮುಂದೆ ಮೊದಲ ಸಲ ಅತ್ತಾಗ ಇವರು ಹೇಳಿದ್ದಿಷ್ಟು: "ಯಮ್ಮಾ, ನಮ್ಮ ಕಡಿ ಹುಟ್ಟಿದ ಕೂಸಿಗೆಲ್ಲಾ ಹಂಗಾ ತಿದ್ದತಾರ. ನೀ ಹೇಳೋದು ಖರೇ ಆಗಿದ್ರ ಅರ್ಧ ಬಳ್ಳಾರಿ ಸೊಟ್ಟಗಾಗ್ತಿತ್ತು. ನಿನ್ನ ಕೈದೇನೂ ತಪ್ಪಿಲ್ಲ. ಡಾಕ್ಟರ್ ಬಾಯಿಲೇ ಹೇಳಿಸ್ತೀನಿ, ಬಾ." ಹೇಳಿಸಿದರು ಕೂಡ.

ಸೌಂದರ್ಯಳಿಗೆ ಈಗ ಇಪ್ಪತ್ತರ ಆಸುಪಾಸು. ಪಿಯುಸಿಯವರೆಗೆ ಕುರುಗೋಡಿಗೆ ಹೋಗಿ ಓದಿದಳು. ಮುಖದ ವಾರೆ ಎದ್ದು ಕಾಣತೊಡಗಿದ ಮೇಲೆ ಅವಳ ಹೆಸರೇ ಅವಳಿಗೆ ಶತ್ರುವಾಯಿತು. ಹಾಜರಿ ಕೂಗುವಾಗ ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ಡಿಗ್ರಿಗೆ ಬಳ್ಳಾರಿಯ ಕಾಲೇಜು ಸೇರಿದವಳು ಕೆಲವೇ ತಿಂಗಳಲ್ಲಿ ಬಿಟ್ಟು ಬಂದಳು. ಆಪರೇಷನ್ ಆದ ಮೇಲೆ ಮತ್ತೆ ಕಾಲೇಜಿಗೆ ಹೋಗುತ್ತೇನೆ, ಅಲ್ಲಿಯವರೆಗೆ ಮನೆ ಬಿಟ್ಟು ಕದಲುವುದಿಲ್ಲ ಎಂದು ಕೂತಿದ್ದಾಳೆ. ಒಂದು ಆಪರೇಷನ್ ದಿನಕ್ಕೆ ಇಡೀ ಬದುಕು ಕಾದಿದೆ.

ಆ ದಿನ ಬಂದೇಬಿಟ್ಟಿತ್ತು. ಬೇಸಿಗೆಯಲ್ಲಿ ಮಾಡಿಸಿದ ಸ್ಕ್ಯಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ನಿಂತಿರಬಹುದು, ನಿಲ್ಲದೆಯೂ ಇರಬಹುದು ಎಂದಿತ್ತು. ಮುಖದ ಅಳತೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಉಳಿದದ್ದು ರಕ್ತ. ಶ್ರಾವಣದ ಒಂದು ಸೋಮವಾರ ರಹೀಮಾಬೀ ಬಂದು ರಕ್ತ ತೆಗೆದರು. ಪುಡಿಯ ಪ್ರಮಾಣ ಚೆನ್ನಾಗಿ ಇಳಿದಿತ್ತು. ಎಲ್ಲರಿಗೂ ಸಂತೋಷವಾಯಿತು. ದಸರಾ ಮುಗಿದ ಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದರು. ಸೌಂದರ್ಯ ಹೊಸ ಬ್ಯಾಗು ಕೊಂಡಳು.

ಸುದ್ದಿ ಖಾತ್ರಿಯಾದ ಮೇಲೆ ಆ ಕಡೆ ಹೋದ ರಹೀಮಾಬೀಯನ್ನು ಗುರುಬಸಮ್ಮ ಕೈಹಿಡಿದು ಕೂರಿಸಿ ಚಹಾ ಕೊಟ್ಟರು. ಕೊಡುತ್ತ, ಹೆಮ್ಮೆಯಿಂದ ಒಂದು ಮಾತು ಹೇಳಿದರು.

"ನೀ ಉಪವಾಸ ಇರಬೇಕು ಅಂದಿದ್ದೆಲ್ಲವ್ವಾ, ಎಷ್ಟು ನಿಷ್ಠಿಲೆ ಮಾಡಿದ್ವಿ ಅಂತೀ! ಶ್ರಾವಣ ಸ್ವಾಮಾರ ಬ್ಯಾರೆ. ನಸುಕಿನಾಗ ಎಬ್ಬಿಸಿ, ಜಳಕಾ ಮಾಡ್ಸಿ, ಪೂಜಿ ಮಾಡ್ಸಿ, ಹಾಲು, ಬಾಳೆಹಣ್ಣು, ಒಂದೀಟು ಸಾಬೂದಾಣಿ, ಅಷ್ಟಾ. ಅನ್ನದ ಅಗಳು ಮುಟ್ಟಿಲ್ಲ ಆಕಿ."

ರಹೀಮಾಬೀ ಚಹಾದ ಲೋಟ ಕೆಳಗಿಟ್ಟರು.

ತಪ್ಪು ಅಜ್ಜಿಯದಲ್ಲ. ಉಪವಾಸ ಎಂದರೆ ನಮ್ಮ ಮನೆಗಳಲ್ಲಿ ಹೊಟ್ಟೆ ಖಾಲಿ ಬಿಡುವುದು ಎಂದೇನೂ ಅರ್ಥವಿಲ್ಲ. ಉಪವಾಸದ ದಿನ ಅಡುಗೆಮನೆಗೆ ದುಪ್ಪಟ್ಟು ಕೆಲಸ ಎಂಬುದು ಹೆಂಗಸರಿಗೆ ಗೊತ್ತಿರುವ ಸತ್ಯ. ಹಾಲು, ಹಣ್ಣು, ಸಾಬೂದಾಣಿಯೆಲ್ಲ ಸೇರಿ ಆ ಪುಡಿಯನ್ನು ಇಳಿಸಿದ್ದವು. ದವಡೆ ನಿಂತಿದೆಯೋ ಇಲ್ಲವೋ ಆ ರಕ್ತದಿಂದ ತಿಳಿಯುವಂತಿರಲಿಲ್ಲ.

"ಕುರುಗೋಡು ಬಸ್‌ಸ್ಟ್ಯಾಂಡಿನಾಗ ಕುಂತೆ. ಬಳ್ಳಾರಿ ಬಸ್ ಬಂತು, ಹೋತು. ಇನ್ನೊಂದು ಬಂತು, ಅದೂ ಹೋತು," ಎಂದು ಅವರು ಆ ದಿನವನ್ನು ನೆನೆಯುತ್ತಾರೆ. "ನಾ ಬಾಯಿ ಮುಚ್ಕೊಂಡಿದ್ರ ಯಾರಿಗೂ ಗೊತ್ತಾಗ್ತಿರಲಿಲ್ರಿ. ಹುಡುಗಿ ಬ್ಯಾಗ್ ತಗೊಂಡು ಕುಂತಾಳ. ನಿಂತಿದ್ರೂ ನಿಂತಿರಬಹುದು ದವಡಿ, ಯಾಕ ಕೆಡಿಸ್ಲಿ ಅಂತ ಒಂದು ಮನಸು. ನಿಂತಿರದಿದ್ರ? ಕೊಯ್ಸಿಕೊಂಡು, ನೋವು ತಿಂದು, ಕನ್ನಡಿ ನೋಡಿ ಖುಷಿ ಪಟ್ಟು, ಮತ್ತ ವಾರಿ ಆದ್ರ ಆ ಕೂಸು ಬದುಕ್ತದೇನ್ರಿ? ಮೂರನೇ ಬಸ್ ಹತ್ತಿದೆ."

ಡಾ. ಸಂಘಮಿತ್ರಾ ಬೈಯಲಿಲ್ಲ. "ಆ ಉಪವಾಸ ಅನ್ನೋ ಪದ ರಹೀಮಾಬೀಗೆ ಹೇಳಿಕೊಟ್ಟವಳೇ ನಾನು," ಎಂದು ಅವರು ನನ್ನೆದುರು ಒಪ್ಪಿಕೊಂಡರು. ಆಪರೇಷನ್ ನಿಂತಿತು. ಬಾದನಹಟ್ಟಿಗೆ ಹೋಗಿ ಹೇಳುವ ಕೆಲಸವನ್ನು ಡಾಕ್ಟರು ತಾವೇ ಮಾಡುತ್ತೇನೆ ಎಂದರೂ ರಹೀಮಾಬೀ ಕೇಳಲಿಲ್ಲ, ಜೊತೆಗೆ ಹೋದರು. ಅಜ್ಜಿ ಹಣೆ ಹಣೆ ಬಡಿದುಕೊಂಡರು. ಸೌಂದರ್ಯ ಮಾತ್ರ ರಹೀಮಾಬೀಯನ್ನೇ ನೋಡಿ, "ನಿಮಗ್ಯಾರ್ ಹೇಳು ಅಂದಿದ್ರು?" ಎಂದು ಕೇಳಿ ಒಳಗೆ ಹೋದಳು. ಅದೇ ಅವಳ ಕೊನೆಯ ಮಾತು.

ಆಮೇಲೆ ರಹೀಮಾಬೀ ಸುಮ್ಮನೆ ಕೂರಲಿಲ್ಲ. ಮೂವತ್ತೂ ಮನೆಗೆ ಹೋಗಿ, ರಕ್ತ ಕೊಡುವ ಮೊದಲು ಏನು ತಿಂದಿದ್ದಿರಿ ಎಂದು ಕೇಳಿದರು. ಸಿರುಗುಪ್ಪ ಕಡೆಯ ರಾರಾವಿಯಲ್ಲಿ ಅಕ್ರಮ್ ಎಂಬ ಹುಡುಗನ ತಾಯಿ ಕೊಟ್ಟ ಉತ್ತರಕ್ಕೆ ಅವರು ಈಗಲೂ ಬಿದ್ದು ಬಿದ್ದು ನಗುತ್ತಾರೆ. ಆ ಮನೆಯಲ್ಲಿ ಇವರು ಉಪವಾಸ ಎನ್ನದೆ, ತಮ್ಮವರೇ ಎಂಬ ಸಲಿಗೆಯಿಂದ "ರೋಜಾ ಇದ್ದಂಗ ಇರಬೇಕು" ಎಂದಿದ್ದರು. ಆ ತಾಯಿ ರಂಜಾನ್ ತಿಂಗಳ ರೋಜಾದ ಕ್ರಮ ತಪ್ಪಿಸಲಿಲ್ಲ. ಬೆಳಕು ಹರಿಯುವ ಮುಂಚೆ ಮಗನನ್ನು ಎಬ್ಬಿಸಿ ಖೀಮಾ, ಚಪಾತಿ, ಮೊಸರು ಹೊಟ್ಟೆ ಬಿರಿಯೆ ತಿನ್ನಿಸಿ, ಆಮೇಲೆ ಒಂದು ಗುಟುಕು ನೀರೂ ಕೊಡದೆ ಸೂಜಿಗೆ ಕಾಯಿಸಿದ್ದರು!

"ಅಜ್ಜಿದು ಬಿಡ್ರಿ. ನಾ ಮುಸಲ್ಮಾನಳಾಗಿ ನನಗ ಹೊಳೀಲಿಲ್ಲಲ್ರಿ!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. "ಅವತ್ತಿಲಿಂದ ಉಪವಾಸ ಇಲ್ಲ, ರೋಜಾ ಇಲ್ಲ. 'ಬರೇ ಹೊಟ್ಟಿ' ಅಂತೀನಿ. ರಾತ್ರಿ ಉಂಡ ಮ್ಯಾಲ ನೀರು ಬಿಟ್ರ ಏನೂ ಇಲ್ಲ. ದೇವ್ರ ಪ್ರಸಾದನೂ ನಾ ಹೋದ ಮ್ಯಾಲ."

ಬಾದನಹಟ್ಟಿಯಲ್ಲಿ ಇಳಿದಾಗ ಇನ್ನೂ ಪೂರ್ತಿ ಬೆಳಕಾಗಿಲ್ಲ. ಗುರುಬಸಮ್ಮ ಬಾಗಿಲಲ್ಲೇ ನಿಂತಿದ್ದಾರೆ. "ರಾತ್ರಿಯೆಲ್ಲಾ ಕಾಯ್ದೀನಿ ತಂಗಿ. ಹಾಲಿನ ಪಾತ್ರಿ ನನ್ನ ತಲಿದಿಂಬಿನ ಕಡಿ ಇಟ್ಕೊಂಡು ಮಲಗಿದ್ದೆ," ಎನ್ನುತ್ತಾರೆ. ರಹೀಮಾಬೀ ಅವರ ಭುಜ ತಟ್ಟಿ ಒಳಗೆ ಹೋಗುತ್ತಾರೆ.

ಸೌಂದರ್ಯ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ದುಪಟ್ಟಾದ ಒಂದು ತುದಿ ಗದ್ದದ ಮೇಲಿದೆ. ರಹೀಮಾಬೀ ನೆಲದ ಮೇಲೆ ಕೂತು ಡಬ್ಬಿ ತೆರೆಯುತ್ತಾರೆ, ಕೈಗೆ ಸ್ಯಾನಿಟೈಜರ್ ಹಚ್ಚಿಕೊಳ್ಳುತ್ತಾರೆ, ಅಂಗೈ ತಣ್ಣಗಿದೆಯೆಂದು ಉಜ್ಜಿ ಬಿಸಿ ಮಾಡಿಕೊಳ್ಳುತ್ತಾರೆ. ಕೈ ಕೊಡು ಎನ್ನುವುದಿಲ್ಲ. ಕಾಯುತ್ತಾರೆ. ಹೊರಗೆ ಯಾರದೋ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ, ಹೊಲದ ಕಡೆ ಹೋಗಿ, ಸದ್ದು ಅಡಗುತ್ತದೆ. ಆಮೇಲೆ ಸೌಂದರ್ಯ ತಿರುಗದೆಯೇ ಎಡಗೈಯನ್ನು ಹಿಂದಕ್ಕೆ ಚಾಚುತ್ತಾಳೆ.

ಸೂಜಿ ಹೋದದ್ದು ನನಗೆ ಗೊತ್ತಾಗಲಿಲ್ಲ. ಕೆಂಪು ರಕ್ತ ಸಣ್ಣ ಕೊಳವೆಯಲ್ಲಿ ಏರುವುದು ಮಾತ್ರ ಕಂಡಿತು. ಹತ್ತಿ ಒತ್ತಿ, ಕೈ ಮಡಚಿಸಿ, "ಆತವ್ವಾ" ಎನ್ನುತ್ತಾರೆ ರಹೀಮಾಬೀ. ಹುಡುಗಿ ಎದ್ದು ಒಳಗೆ ಹೋಗುತ್ತಾಳೆ. ನಿಜ ಹೇಳುತ್ತೇನೆ, ಆ ಹುಡುಗಿಯ ಮೇಲೆ ನನಗೆ ಆಗ ಸ್ವಲ್ಪ ಕೋಪ ಬಂದಿತ್ತು. ಬಸ್ಸಿನಲ್ಲಿ ಅದನ್ನು ಹೇಳಿದ್ದಕ್ಕೆ ರಹೀಮಾಬೀ ನನ್ನನ್ನೇ ಗದರಿದರು. "ಆಕಿ ಜಾಗದಾಗ ಕುಂತು ನೋಡ್ರಿ. ಬಾಯಿಗೆ ಬಂದ ತುತ್ತು ನಾ ಕಸ್ಕೊಂಡೀನಿ. ಮಾತಾಡ್ದಿದ್ರ ಏನಾತು, ಕೈ ಕೊಟ್ಲಲ್ಲ."

ಕೆಲವು ದಿನಗಳ ನಂತರ, ಬರೆದದ್ದರಲ್ಲಿ ತಪ್ಪಿದೆಯೇ ನೋಡಿಸಲೆಂದು ಗಾಂಧಿನಗರಕ್ಕೆ ಹೋದೆ. ಅವತ್ತೇ ಫಲಿತಾಂಶ ಬಂದಿತ್ತು. ಪುಡಿ ಇಳಿದಿರಲಿಲ್ಲ. ಡಾಕ್ಟರು ಮುಖದ ಅಳತೆಯನ್ನೂ ಮತ್ತೊಮ್ಮೆ ತೆಗೆದು ನೋಡಿದ್ದರು; ಗದ್ದ ಕೂದಲೆಳೆಯಷ್ಟು ಮತ್ತೆ ಸರಿದಿತ್ತು. ದವಡೆ ಇನ್ನೂ ಬೆಳೆಯುತ್ತಿದೆ. ಇನ್ನೊಂದು ವರ್ಷವಾದರೂ ಕಾಯಬೇಕು. ಬಾದನಹಟ್ಟಿಗೆ ಫೋನು ಮಾಡಿ ಅದನ್ನು ಹೇಳಿದ್ದೂ ಆಗಿತ್ತು.

ರಹೀಮಾಬೀ ಕೈಗೆ ಗ್ಲೌಸ್ ಹಾಕಿಕೊಂಡು ಕೊಳವೆಗಳನ್ನು ಜೋಡಿಸುತ್ತಿದ್ದರು. ಮೇಜಿನ ಮೇಲಿದ್ದ ಅವರ ಮೊಬೈಲು ಬಡಿದುಕೊಂಡಿತು. ತೆರೆಯ ಮೇಲೆ ಸೌಂದರ್ಯಳ ಹೆಸರಿತ್ತು. "ಸ್ಪೀಕರ್ ಒತ್ರಿ," ಎಂದರು ನನಗೆ. ಒತ್ತಿದೆ.

"ಚಾಚಿ?"

"ಹೇಳವ್ವಾ."

"ಡಾಕ್ಟರ್ ಹೇಳಿದ್ರು. ಅವತ್ತ ನೀವು ಸುಮ್ನಿದ್ದಿದ್ರ ದಸರಾ ಆದ ಮ್ಯಾಲ ಆಪರೇಷನ್ ಆಗಿರ್ತಿತ್ತು. ಆಮ್ಯಾಲ ಮತ್ತ ಹಿಂಗಾ ಆಗ್ತಿತ್ತು. ಹೌದಿಲ್ರಿ?"

"ಆಗಬಹುದಿತ್ತವ್ವಾ."

"ನಾ ನಿಮ್ ಕೂಡ ಮಾತು ಬಿಟ್ಟೆ."

"ಬಿಟ್ರ ಏನಾತು? ಹುಮೇರಾ ಎಷ್ಟ್ ಸಲ ಬಿಟ್ಟಿಲ್ಲ ನನ್ ಕೂಡ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. "ಮುಂದಿನ ಸಲ ರಕ್ತ ತಗೊಂಡು ಹಂಗಾ ಓಡಬ್ಯಾಡ್ರಿ. ಮಂಡಕ್ಕಿ ಒಗ್ಗರಣಿ-ಮಿರ್ಚಿ ಮಾಡ್ತೀನಿ. ಇಬ್ರೂ ಕೂಡಿ ತಿನ್ನೋಣು."

ಫೋನು ನಿಂತಿತು. ರಹೀಮಾಬೀ ಗ್ಲೌಸ್ ಹಾಕಿದ ಕೈಗಳನ್ನು ಎತ್ತಿ ಹಿಡಿದು, ಮೊಣಕೈಯಿಂದ ಕಣ್ಣೊರೆಸಿಕೊಂಡರು. ನಾನು ಸುಮ್ಮನಿರಲಾರದೆ, ತಿನ್ನಲು ಕರೆದದ್ದಕ್ಕೆ ಇಷ್ಟು ಅಳುವುದೇ ಎಂದು ರೇಗಿಸಿದೆ.

"ನಿಮಗ ಗೊತ್ತಿಲ್ಲ," ಎಂದರು ಅವರು. "ಹಲ್ಲಿಗೆ ಹಲ್ಲು ಕೂಡಂಗಿಲ್ಲ, ಅಗಿಯೋವಾಗ ಬಾಯಿ ಒಂದ್ ಕಡಿ ಹೋಗ್ತೈತಿ ಅಂತ ಆಕಿ ಊಟದ ತಟ್ಟಿ ತಗೊಂಡು ಒಳಗ ಹೋಗಿ ಬಾಗ್ಲಾ ಹಾಕ್ಕೋತಾಳ್ರಿ. ಆಕಿ ಉಣ್ಣೋದು ಹೆತ್ತಾಕಿ ನೋಡಿ ವರ್ಷಗಟ್ಲೆ ಆಗೈತಿ."

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಇನ್ನೇನು ಬರೆಯಲಿ ಎಂದು ಕೇಳಿದೆ. ಅವರು ಕೊಳವೆಗಳತ್ತ ತಿರುಗಿದರು.

"ನನ್ ಬಗ್ಗೆ ಏನ್ ಐತಿ? ಆಕಿ ನನ್ನ ಜೋಡಿ ಉಣ್ತೀನಿ ಅಂದ್ಲು. ಅಷ್ಟು ಬರೀರಿ."